ಗರಗಸದ ಇನ್ನೊಂದು ತುದಿ

ಕಂತು ೭

"ಇದು ನಿನ್ನ ಹಿಡಿ ತಾನೇ, ಕುಳ್ಳಣ್ಣ?"

ಕರವಸ್ತ್ರ ಬಿಚ್ಚಿ ನಾನು ಅದನ್ನು ಜಗಲಿಯ ಮೇಲಿಟ್ಟೆ. ಗೇಣುದ್ದದ ಕಾಫಿ ಕಟ್ಟಿಗೆ. ಒಂದು ತುದಿ ಸುಟ್ಟು ಇದ್ದಿಲಾಗಿತ್ತು. ಇನ್ನೊಂದು ತುದಿಯಲ್ಲಿ ಕಬ್ಬಿಣದ ಬಳೆ ಇನ್ನೂ ಗಟ್ಟಿಯಾಗಿ ಕೂತಿತ್ತು. ಇಬ್ಬರು ಎದುರುಬದುರು ಕೂತು ಎಳೆಯುವ ಗರಗಸದ ಒಂದು ಕಡೆಯ ಹಿಡಿ ಅದು.

ಮುದುಕ ಕುಳ್ಳಯ್ಯ ಅದನ್ನು ನೋಡಿದ, ಮುಟ್ಟಲಿಲ್ಲ. ಅಂಗಳದಾಚೆ ರೊಬಸ್ಟ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಾಗಿತ್ತು. ಅದರ ಘಮ ಜಗಲಿಯವರೆಗೂ ನುಗ್ಗುತ್ತಿತ್ತು. ಸಾವಿನ ಮನೆಗೆ ಇಷ್ಟು ಒಳ್ಳೆಯ ವಾಸನೆ ಯಾಕೆ ಬರಬೇಕು ಅಂತ ನನಗೆ ಸುಮ್ಮಸುಮ್ಮನೆ ಸಿಟ್ಟು ಬಂತು.

"ಎಲ್ಲಿ ಸಿಕ್ತು?" ಅಂದ.

"ನಿನ್ನ ಅಳಿಯನ ಬೂದಿಯಲ್ಲಿ."

ಎಂಟು ದಿನದ ಹಿಂದೆ ಈ ಮನೆಯ ಅಳಿಯ ಧರ್ಮ ಸತ್ತ. ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್ ಆಗಿದ್ದವನು. ಬಿಸಿಲೆ ಕಾಡಿನ ಅಂಚಿನಲ್ಲಿ ಕುಯ್ದುರುಳಿಸಿದ ಬೀಟೆ ಮರದ ಕೆಳಗೆ ಸಿಕ್ಕಿದ್ದ. ಪಕ್ಕದಲ್ಲೇ ಒಂದು ಕೊಡಲಿ ಬಿದ್ದಿತ್ತು. ಮರ ಕಾಯುವವನೇ ಮರ ಕದಿಯಲು ಹೋಗಿ ಸತ್ತ ಅಂತ ಊರೂ ನಮ್ಮ ಠಾಣೆಯೂ ಒಂದೇ ದಿನದಲ್ಲಿ ತೀರ್ಮಾನ ಮಾಡಿಬಿಟ್ಟವು. ಒಪ್ಪದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಲಕ್ಷ್ಮಿ. ಇನ್ನೊಬ್ಬ ನಾನು, ಹೆಡ್ ಕಾನ್‌ಸ್ಟೇಬಲ್ ನಂಜುಂಡ.

ನಮ್ಮಪ್ಪ ಮರಗೆಲಸದ ಆಚಾರಿ. ಅವರ ಬಾಚಿ ಹಿಡಿಯಬೇಕಿದ್ದ ಕೈಗೆ ಸರ್ಕಾರ ಲಾಠಿ ಕೊಟ್ಟಿತು. ಆದರೂ ಜನ ನನ್ನನ್ನು ಕರೆಯುವುದು ಆಚಾರ್ರೇ ಅಂತಲೇ. ಬೇರೆ ಪೊಲೀಸರು ಬೆರಳಚ್ಚು ಹುಡುಕುವ ಹಾಗೆ ನಾನು ಮರದ ಮೇಲಿನ ಗೆರೆ ಹುಡುಕುತ್ತೇನೆ. ಅದಕ್ಕೆ ಠಾಣೆಯಲ್ಲಿ ಎಲ್ಲರೂ ನಗುತ್ತಾರೆ. ನಗಲಿ.

ಒಂದೇ ವಸ್ತುವಿಗೆ ಎಷ್ಟು ಹೆಸರು ನೋಡಿ. ಕಾಡಲ್ಲಿ ನಿಂತಿದ್ದರೆ ಮರ. ಉರುಳಿದರೆ ದಿಮ್ಮಿ, ಕುಯ್ದರೆ ಹಲಗೆ, ಗೋಡೆ ಮೇಲೇರಿದರೆ ತೊಲೆ, ಒಲೆ ಮುಂದೆ ಸೌದೆ. ಠಾಣೆಯ ಕಾಗದಕ್ಕೆ ಬಂದರೆ ಅದು ನಾಟಾ. ಸಾವಿನ ಮನೆಯ ಅಂಗಳಕ್ಕೆ ಬಂದರೆ ಕೊರಡು. ಈ ಕೊನೆಯದನ್ನು ನಮ್ಮ ಕಡೆ ಯಾರೂ ಹೇಳಿಸಿಕೊಂಡು ತರುವುದಿಲ್ಲ. ಸಾವಾಯಿತು ಅಂತ ಕಿವಿಗೆ ಬಿದ್ದರೆ ಸಾಕು, ಮನೆಗೊಂದು ಕೊರಡು ಹೆಗಲ ಮೇಲೆ ಬರುತ್ತದೆ. ಬೇಲಿ ಜಗಳ ಆಡಿದವನೂ ತರುತ್ತಾನೆ. ಮಾತಾಡದೆ ಇಟ್ಟು ಹೋಗುತ್ತಾನೆ, ಅಷ್ಟೇ.

ನೇರಲಕೊಪ್ಪದಲ್ಲಿ ಅರವತ್ತು ಮನೆಗಳಿವೆ. ಧರ್ಮನಿಗೆ ಒಂದು ಕೊರಡೂ ಬರಲಿಲ್ಲ.

ಕಳ್ಳನ ಚಿತೆಗೆ ಸೌದೆ ಹೊತ್ತರೆ ನಾಳೆ ನಮ್ಮನೆ ಸೌದೆ ರಾಶಿಯನ್ನೂ ಜಾಲಾಡುತ್ತಾರೆ ಅಂತ ಒಬ್ಬೊಬ್ಬರಿಗೂ ಭಯ. ಲಕ್ಷ್ಮಿ ಮಧ್ಯಾಹ್ನದವರೆಗೂ ಬೀದಿ ನೋಡುತ್ತಾ ಕೂತಳು. ಆಮೇಲೆ ಎದ್ದು ಹೋಗಿ ಕೊಟ್ಟಿಗೆ ಮಾಡಿನ ಗಳು ಕಿತ್ತಳು, ಅಟ್ಟದ ಹಲಗೆ ಕಿತ್ತಳು. ಅಪ್ಪ, ಮಗಳು ಇಬ್ಬರೇ ಅದನ್ನು ಹೊತ್ತರು. ಆ ಗಳು, ಆ ಹಲಗೆಯಲ್ಲೇ ಗಂಡನನ್ನು ಸುಟ್ಟಳು. ನಾನು ಬಂದೋಬಸ್ತಿಗೆ ನಿಂತಿದ್ದೆ. ಮೈಮೇಲೆ ಖಾಕಿ ಇತ್ತು ಅನ್ನುವ ಒಂದೇ ಕಾರಣಕ್ಕೆ ನಾನೂ ಒಂದು ಕೊರಡು ಹೊರಲಿಲ್ಲ. ಈ ಕೇಸು ಗೆದ್ದರೂ ಸೋತರೂ ಆ ನಾಚಿಕೆ ನನ್ನನ್ನು ಬಿಡುವುದಿಲ್ಲ.

"ಗಳ ಸಾಕಾಗ್ಲಿಲ್ಲ," ಅಂದ ಕುಳ್ಳಯ್ಯ, ಹಿಡಿಯನ್ನೇ ನೋಡುತ್ತಾ. "ಸಾಕಾಗಿದ್ರೆ ಇದೂ ಪೂರ್ತಿ ಸುಟ್ಟೋಗೋದು."

"ಪದ್ಧತಿ ಪ್ರಕಾರ ಹಾಕಿದ್ದಾ?"

"ಮತ್ತೆ? ಒಂಬತ್ತು ವರ್ಷ ನನ್ನ ಎದುರು ಕೂತೋನು ಕಣಪ್ಪ ಅವ್ನು."

ಗರಗಸದವರ ಈ ಪದ್ಧತಿ ಹೊರಗಿನವರಿಗೆ ಗೊತ್ತಿಲ್ಲ. ಜೋಡಿಯಲ್ಲಿ ಒಬ್ಬ ಸತ್ತರೆ, ಉಳಿದವನು ತನ್ನ ಕಡೆಯ ಹಿಡಿ ಬಿಚ್ಚಿ ಚಿತೆಗೆ ಹಾಕಬೇಕು. ತೊಳೆಯಬಾರದು, ಒರೆಸಬಾರದು. ಇಬ್ಬರ ಬೆವರೂ ಅದರ ಜೊತೆಗೇ ಹೋಗಬೇಕು. ಆಮೇಲೆ ಅವನು ಇನ್ನೊಬ್ಬನ ಎದುರು ಕೂತು ಗರಗಸ ಎಳೆಯುವುದಿಲ್ಲ. ಕುಳ್ಳಯ್ಯ ಧರ್ಮನಿಗೆ ಕೆಲಸ ಕಲಿಸಿ, ಮೆಚ್ಚಿ, ಮಗಳನ್ನು ಕೊಟ್ಟವನು. ಅವರಿಬ್ಬರೂ ಕುಯ್ದ ಹಲಗೆಗೆ ನುಣುಪು ಮಾಡುವ ತೋಪಡ ಹಾಕುವುದೇ ಬೇಡ ಅಂತ ನಮ್ಮಪ್ಪ ಹೇಳುತ್ತಿದ್ದರು.

"ಅಳಿಯ ವಾಚರ್ ಆದ ದಿನ ಗರಗಸ ಅಟ್ಟಕ್ಕೆ ಹಾಕ್ದೆ, ಎರಡು ವರ್ಷದಿಂದ ಮುಟ್ಟಿಲ್ಲ ಅಂತ ಹೇಳಿಕೆ ಕೊಟ್ಟೆ ನೀನು."

"ಹೂಂ."

"ಬಳೆ ಸರಿಸಿ ನೋಡು."

ಸರಿಸಲಿಲ್ಲ. ನಾನೇ ಸರಿಸಿದೆ. ಬಳೆಯ ಕೆಳಗೆ ಬೆಂಕಿ ಮುಟ್ಟದ ಜಾಗದಲ್ಲಿ ಮರದ ಹೊಟ್ಟು ಒತ್ತಾಗಿ ಕೂತಿತ್ತು. ಬಣ್ಣ ನೇರಳೆ. ಉಗುರಿನಲ್ಲಿ ಎಬ್ಬಿಸಿ ಅವನ ಮೂಗಿನ ಹತ್ತಿರ ಹಿಡಿದೆ. ಬೀಟೆ ಹೊಟ್ಟಿನ ಸಿಹಿ ವಾಸನೆ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಇದು ಎರಡು ವರ್ಷದ ಹೊಟ್ಟಲ್ಲ ಕುಳ್ಳಣ್ಣ. ಅಷ್ಟು ಹಳೇದಾಗಿದ್ರೆ ಕಪ್ಪಗಾಗಿ, ವಾಸನೆ ಹೋಗಿರ್ತಿತ್ತು."

ಅವನು ನನ್ನ ಉಗುರಿನ ಹೊಟ್ಟನ್ನು ಮೂಸಿದ. ಆಮೇಲೆ ನಕ್ಕ. ಅಂಥ ನಗು ನಾನು ಯಾವ ಶತ್ರುವಿನ ಮುಖದಲ್ಲೂ ನೋಡಲು ಬಯಸುವುದಿಲ್ಲ.

"ತೊಳ್ದಿದ್ರೆ ನೀನು ಇವತ್ತು ಬತ್ತಿರ್ಲಿಲ್ಲ, ಅಲ್ವಾ ಮಾರಾಯ?"

"ಬರ್ತಿರ್ಲಿಲ್ಲ."

"ತೊಳ್ದಿದ್ರೆ ಅವ್ನು ನನ್ನ ಮುಖ ನೋಡ್ತಿರ್ಲಿಲ್ಲ ಅಲ್ಲಿ." ಮೇಲೆ ಕೈ ತೋರಿಸಿದ. "ಬರ್ಕ ಆಚಾರ್ರೇ. ಆ ಮರ ಕುಯ್ದೋನು ನಾನು. ನನ್ನ ಹೆಸ್ರು ಬರ್ಕ, ಕರ್ಕೊಂಡು ನಡಿ. ಚಾಪೆ ಸುತ್ತಿ ಇಟ್ಟಿದೀನಿ."

ನಿಜವಾಗಿಯೂ ಬಾಗಿಲ ಪಕ್ಕದಲ್ಲಿ ಸುತ್ತಿದ ಚಾಪೆ ಇತ್ತು. ಎಷ್ಟು ದಿನದಿಂದ ಇಟ್ಟಿದ್ದನೋ.

ನಾನು ಗಡಿಯಾರ ನೋಡಿದೆ. ಮೂರೂವರೆ. ನಾಲ್ಕಕ್ಕೆ ಸಬ್ ಇನ್ಸ್‌ಪೆಕ್ಟರ್ ಪ್ರದೀಪ್ ಸಾಹೇಬರು ಬರುವವರಿದ್ದರು. ಅವರ ಚೀಲದಲ್ಲಿ ಕೇಸು ಮುಚ್ಚುವ ಬಿ ರಿಪೋರ್ಟ್ ಟೈಪಾಗಿ ಸಿದ್ಧವಿತ್ತು: ವಾಚರ್ ಧರ್ಮ ಒಬ್ಬನೇ ಕಳ್ಳತನದಿಂದ ಮರ ಕಡಿಯುವಾಗ ಅದೇ ಮರ ಬಿದ್ದು ಸತ್ತ, ಬೇರೆ ಯಾರ ಕೈವಾಡವೂ ಇಲ್ಲ. ದೂರು ಕೊಟ್ಟವಳು ಲಕ್ಷ್ಮಿ. ನೋಡಿದೆ, ತಕರಾರಿಲ್ಲ ಅಂತ ಅವಳು ಒಂದು ಗುರುತು ಹಾಕಿದರೆ ಕೇಸು ಮುಗಿಯಿತು. ಧರ್ಮ ಕಾಯಂ ಆಗಿ ಕಳ್ಳ. ಅವನ ಆರು ವರ್ಷದ ಮಗಳು ಶ್ರುತಿ ಮದುವೆಯಾಗಿ ಮಕ್ಕಳನ್ನು ಹೆತ್ತ ಮೇಲೂ ಕಳ್ಳನ ಮಗಳು. ಶಾಲೆಯಲ್ಲಿ ಈಗಲೇ ಹಾಗೆ ಕರೆದಿದ್ದರು. ನಾಲ್ಕು ದಿನದಿಂದ ಮಗು ಶಾಲೆಗೆ ಹೋಗಿರಲಿಲ್ಲ.

ನನಗೆ ಅರ್ಧ ಗಂಟೆ ಇತ್ತು.

"ಗರಗಸಕ್ಕೆ ಎರಡು ತುದಿ ಕುಳ್ಳಣ್ಣ. ಇನ್ನೊಂದು ತುದಿ ಯಾರು ಹಿಡಿದಿದ್ರು?"

"ವೀರಯ್ಯ." ತಟ್ಟನೆ ಹೇಳಿದ. ಹೇಳಬೇಕಾದ ಹೆಸರನ್ನು ಬಾಯಲ್ಲೇ ಇಟ್ಟುಕೊಂಡಿದ್ದವನ ಹಾಗೆ.

"ಯಾವ ವೀರಯ್ಯ? ದೋಣಿಗಲ್ಲಿನ ಮುದುಕನಾ? ಅವನೆಲ್ಲಿ ಈಗ?"

"ಎಡಕುಮೇರಿ ಕಡೆ ಹೋಗ್ಬುಟ್ಟ. ರೈಲುದಾರಿ ಹಳೇ ಸ್ಲೀಪರ್ ಕೀಳ್ತಾ ಅವ್ರಲ್ಲ, ಆ ಕೆಲಸಕ್ಕೆ. ಸಿಗೋದಿಲ್ಲ ಬುಡು."

"ವೀರಯ್ಯ ಎಷ್ಟು ವರ್ಷದಿಂದ ಗರಗಸ ಎಳೀತಾನೆ?"

"ನನಗಿಂತ ಮೊದ್ಲಿಂದ."

"ಹಾಗಾದ್ರೆ ಅವನಲ್ಲ."

ಕುಳ್ಳಯ್ಯ ತಲೆ ಎತ್ತಿದ.

"ನಿನ್ನೆ ಬೆಳಿಗ್ಗೆ ಆ ಬೀಟೆ ಬುಡದ ಹತ್ತಿರ ಒಂದು ಗಂಟೆ ಕೂತಿದ್ದೆ," ಅಂದೆ. "ಬುಡದ ಮೇಲೆ ಗರಗಸದ ಗೆರೆ ಹಾಗೇ ಐತೆ. ಒಂದು ಕಡೆಯ ಗೆರೆ ನೋಡಿದ್ರೆ ಕೈಯಾಡಿಸಬೇಕು ಅನ್ಸುತ್ತೆ, ಅಷ್ಟು ಸಲೀಸು. ಅದು ನಿಂದು. ಎದುರು ಕಡೆ ಅಂಕುಡೊಂಕು. ಅಲ್ಲಲ್ಲಿ ಹಲ್ಲು ಕಚ್ಚಿಕೊಂಡು ನಿಂತ ಗುರುತು. ಗರಗಸ ಕಲಿಯೋಕೆ ಬಂದವನಿಗೆ ಮೊದಲ ದಿನ ಏನು ಹೇಳಿಕೊಡ್ತೀಯ?"

ಅವನು ಮುಖ ತೋಟದ ಕಡೆ ತಿರುಗಿಸಿದ.

"ನನಗೆ ಹೇಳಿಕೊಟ್ಟಿದ್ದೆ ನೀನು. ಹದಿನಾಲ್ಕು ವರ್ಷದವನಿದ್ದೆ. ನಮ್ಮಪ್ಪ ಕಳಿಸಿದ್ರು. ಏನು ಹೇಳಿದ್ದೆ?"

"ಎಳೀಬೇಕು." ದನಿ ಸಣ್ಣಗಾಗಿತ್ತು. "ತಳ್ಳಬಾರ್ದು. ಎಳ್ದು ಬುಡಬೇಕು, ಆಕಡೆಯೋನು ಎಳ್ಕೋತಾನೆ."

"ಇನ್ನೊಂದು ತುದಿಯಲ್ಲಿ ಇದ್ದವರು ತಳ್ಳಿದ್ದಾರೆ. ಗರಗಸ ಹಿಡಿದದ್ದೇ ಅವತ್ತು ಮೊದಲ ಸಲ. ವೀರಯ್ಯ ತಳ್ಳುವವನಲ್ಲ. ಧರ್ಮ ಅಂತೂ ಅಲ್ಲವೇ ಅಲ್ಲ."

ಧರ್ಮ ಆ ಮರ ಕುಯ್ಯಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಇದ್ದದ್ದು ಅಷ್ಟೇ. ಪ್ರದೀಪ್ ಸಾಹೇಬರಿಗೆ ಬೆಳಿಗ್ಗೆಯೇ ಹೇಳಿದ್ದೆ. "ಆಚಾರ್ರೇ, ಆ ಬುಡ ಹೊತ್ಕೊಂಡು ಕೋರ್ಟಿಗೆ ಹೋಗ್ತೀರಾ?" ಅಂತ ನಕ್ಕಿದ್ದರು.

ಬುಡದಲ್ಲಿ ಇನ್ನೊಂದು ವಿಷಯವೂ ಇತ್ತು. ನೆಲದಿಂದ ಗೇಣೆತ್ತರದಲ್ಲಿ ಅಂಗೈಯಗಲದ ಚಕ್ಕೆ ಎಬ್ಬಿಸಿದ್ದರು. ಕೊಡಲಿ ಏಟು. ಮರ ಉರುಳಿಸಲು ಅಲ್ಲಿ ಏಟು ಹಾಕುವ ಅಗತ್ಯವೇ ಇರಲಿಲ್ಲ. ಚಕ್ಕೆ ಸುತ್ತಮುತ್ತ ಎಲ್ಲೂ ಸಿಗಲಿಲ್ಲ. ಕಡಿಯುವ ಜಾಗದಲ್ಲಿ ಬಿಟ್ಟು ಬೇಡದ ಜಾಗದಲ್ಲಿ ಯಾರು, ಯಾಕೆ ಕೊಡಲಿ ಹಾಕಿದರು ಅಂತ ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೆ.

"ಹೊಸಬ ಯಾರು ಕುಳ್ಳಣ್ಣ? ಹೇಳು. ಅವನೊಬ್ಬ ಬಂದು ಧರ್ಮ ಅಲ್ಲಿ ಕುಯ್ಯುತ್ತಿರಲಿಲ್ಲ ಅಂತ ಹೇಳಿದ್ರೆ ಸಾಕು. ಲಕ್ಷ್ಮಿ ತಲೆ ಎತ್ತಿಕೊಂಡು ಓಡಾಡ್ತಾಳೆ."

"ಕೇಳಬೇಡ ಮಾರಾಯ."

"ಕೇಳದೆ ಹೇಗಿರಲಿ?"

"ನಿನ್ನ ಕಾಲಿಗೆ ಬೀಳ್ತೀನಿ, ಕೇಳಬೇಡ."

ಎಪ್ಪತ್ತು ವರ್ಷದ ಮನುಷ್ಯ, ನನ್ನ ಕೈ ಹಿಡಿದು ಕೆಲಸ ಕಲಿಸಿದವನು, ನಿಜವಾಗಿಯೂ ಬಗ್ಗಿದ. ನಾನು ಹಿಂದೆ ಸರಿದೆ. ಆಗಲೇ ಒಳಗಿನಿಂದ ಲಕ್ಷ್ಮಿ ಬಂದಳು.

"ಕಾಫಿ ಅಣ್ಣ."

ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲಗೈಗೆ ಹಳೇ ಸೀರೆ ಹರಿದ ಬಟ್ಟೆ ಸುತ್ತಿದ್ದಳು.

ಆ ಬಟ್ಟೆಯನ್ನು ನಾನು ಮೊದಲ ದಿನದಿಂದ ನೋಡುತ್ತಿದ್ದೆ. ದೂರು ಕೊಡಲು ಠಾಣೆಗೆ ಬಂದಾಗಲೂ ಇತ್ತು. ಏಳನೇ ಕ್ಲಾಸು ಓದಿದ ಹೆಣ್ಣುಮಗಳು ಸೈನು ಹಾಕದೆ ಎಡಗೈ ಹೆಬ್ಬೆಟ್ಟು ಒತ್ತಿದ್ದಳು. "ಒಲೆಯಲ್ಲಿ ಕೈ ಸುಟ್ಟುಬುಡ್ತು ಅಣ್ಣ" ಅಂದಿದ್ದಳು. ಆಮೇಲಾಮೇಲೆ ನಾನು ಅದನ್ನು ಚಿತೆಯ ಬೆಂಕಿಯ ಗಾಯ ಅಂತಲೇ ಅಂದುಕೊಂಡುಬಿಟ್ಟಿದ್ದೆ. ಚಿತೆ ಉರಿದದ್ದು ದೂರು ಕೊಟ್ಟ ಮಾರನೇ ದಿನ ಅನ್ನುವುದು ಹೆಡ್ ಕಾನ್‌ಸ್ಟೇಬಲ್ ತಲೆಗೆ ಹೊಳೆದಿರಲಿಲ್ಲ.

ಬಟ್ಟೆಯ ಮೇಲೆ ಕಲೆ ಇತ್ತು. ಬೆರಳುಗಳ ಬುಡದಲ್ಲಿ ಸಾಲಾಗಿ ನಾಲ್ಕು ಕಡೆ, ಹೆಬ್ಬೆರಳಿನ ಸಂದಿಯಲ್ಲಿ ಒಂದು ಕಡೆ. ಒಲೆ ಅಲ್ಲಿ ಸುಡುವುದಿಲ್ಲ. ಕುಳ್ಳಣ್ಣ ನನಗೆ ಮೊದಲ ದಿನ ಗರಗಸ ಕೊಟ್ಟಾಗ ನನ್ನ ಕೈ ಒಡೆದದ್ದು ಸರಿಯಾಗಿ ಅಲ್ಲೇ. ತಳ್ಳಿದವರಿಗೆ ಅಲ್ಲಿ ಒಡೆಯುತ್ತದೆ.

ಲೋಟ ಇಸಿದುಕೊಂಡು ಜಗಲಿಯ ಮೇಲಿಟ್ಟೆ. ಎಂಟು ದಿನ ಊರೂರು ಅಲೆದು ಹುಡುಕಿದ್ದು ಇಲ್ಲಿ, ನನಗೆ ದಿನಾ ಕಾಫಿ ಕೊಟ್ಟ ಕೈಯಲ್ಲಿ ಇತ್ತು. ದೇವರಾಣೆ, ಅವತ್ತು ಆ ಕೈ ನೋಡದೆ ಎದ್ದು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಲಕ್ಷ್ಮೀ," ಅಂದೆ. "ಬಟ್ಟೆ ಬಿಚ್ಚವ್ವ."

ಅವಳು ಅಪ್ಪನ ಮುಖ ನೋಡಿದಳು. ಮುದುಕ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದ.

"ನಾನು ಬಾಯಿ ಬಿಡೋ ಹಂಗಿಲ್ಲ ಅಣ್ಣ," ಅಂದಳು. "ಮಗು ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡೈತೆ ಅಪ್ಪ. ಬಾಯಿ ಬಿಟ್ರೆ ಮಗೀಗೆ ಕೆಡಕು. ನೀವೇ ಕಂಡುಹಿಡೀಲಿ ಅಂತ ದೂರು ಕೊಟ್ಟೆ. ನಾನೇನೂ ಹೇಳಲಾರೆ."

ಹೇಳಿದವನು ಕುಳ್ಳಯ್ಯ. ಕಣ್ಣು ತೆರೆಯದೇ ಹೇಳಿದ.

"ಅಲ್ಲಿ ನೋಡು." ಕೈ ಮನೆಯೊಳಗೆ ತೋರಿಸಿತು. ನಡುಮನೆಯ ತೊಲೆಗೆ ಗೆದ್ದಲು ಹಿಡಿದು ನಡುವೆ ಬಾಗಿತ್ತು. ಕೆಳಗಿನಿಂದ ಒಂದು ಸಿಲ್ವರ್ ಮರದ ಕಂಬ ಆನಿಸಿ ಅದನ್ನು ನಿಲ್ಲಿಸಿದ್ದರು. "ಎರಡು ವರ್ಷದಿಂದ ಹಂಗೇ ಐತೆ. ಕಾಡು ಕಾಯೋನ ಮನೆ ತೊಲೆ! ಒಂದು ಗಳ ತರೋ ಅಂದ್ರೆ ತತ್ತಿರ್ಲಿಲ್ಲ ಕಣಪ್ಪ. ಕಾಡಿಂದು ಒಂದು ಕಡ್ಡಿ ಮನೀಗೆ ಬರಬಾರ್ದು ಅನ್ನೋನು. ಮಗು ಅದರ ಕೆಳಗೇ ಮಲಗ್ತಿತ್ತು."

"ಆಮೇಲೆ?"

"ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ಬಂದ. ಹೊನ್ನೆಗುಡ್ಡ ಎಸ್ಟೇಟಿನ ಶಾಂತಮಲ್ಲಪ್ಪ."

ನನ್ನ ಬೆನ್ನು ನೆಟ್ಟಗಾಯಿತು. ಹೆಣ ಮೊದಲು ಕಂಡೆ ಅಂತ ಠಾಣೆಗೆ ಫೋನು ಮಾಡಿದವನು ಅದೇ ಶಾಂತಮಲ್ಲಪ್ಪ.

"ಗಡಿಯಲ್ಲಿ ಒಂದು ಬೀಟೆ ಐತೆ, ಪರ್ಮಿಟ್ ಆಗೈತೆ, ಇಲಾಖೆ ಸುತ್ತಿಗೆ ಮುದ್ರೆ ಬಿದ್ದೈತೆ ಅಂದ. ಕುಯ್ದು ಕೊಡು, ತೋಟದ ಹಲಸಿನ ಮರ ಒಂದು ನಿಂಗೆ, ತೊಲೆ ಮಾಡ್ಕ ಅಂದ. ನಾನು ಸುಮ್ಕೆ ನಂಬಲಿಲ್ಲ. ಹೋಗಿ ನೋಡ್ದೆ. ಬುಡದಲ್ಲಿ ಮುದ್ರೆ ಇತ್ತು. ಈ ಕೈಯಿಂದ ಮುಟ್ಟಿ ನೋಡ್ದೆ. ಮುದ್ರೆ ಬಿದ್ದ ಮರ ಕುಯ್ಯೋದು ಕಳ್ತನ ಅಲ್ವಲ್ಲಪ್ಪ? ಐವತ್ತು ವರ್ಷ ಮುದ್ರೆ ನೋಡೇ ಕುಯ್ದೋನು ನಾನು."

ನೆಲದಿಂದ ಗೇಣೆತ್ತರ. ಅಂಗೈಯಗಲದ ಚಕ್ಕೆ. ನನ್ನ ತಲೆಯಲ್ಲಿ ನಿನ್ನೆಯಿಂದ ತಿರುಗುತ್ತಿದ್ದದ್ದು ಈಗ ನಿಂತಿತು. ಮರ ಉರುಳಿಸಿದ ಮೇಲೆ ಎಣಿಕೆಗೆ ಸಿಗಲಿ ಅಂತಲೇ ಇಲಾಖೆಯವರು ಬುಡದಲ್ಲೂ ಒಂದು ಮುದ್ರೆ ಒತ್ತುತ್ತಾರೆ. ಕಳ್ಳ ಮುದ್ರೆಯಾದರೆ ಅದನ್ನು ಕೆತ್ತಿ ತೆಗೆಯಲೇಬೇಕು. ಧರ್ಮನ ಪಕ್ಕ ಬಿದ್ದಿದ್ದ ಕೊಡಲಿ ಬಂದದ್ದು ಆ ಕೆಲಸಕ್ಕೆ.

"ಜೋಡಿ ಇರ್ಲಿಲ್ಲ," ಮುದುಕ ಮುಂದುವರಿಸಿದ. "ಎರಡೇ ದಿನ ಟೈಮು ಅಂದ. ಅಳಿಯನ್ನ ಕೇಳಿದ್ರೆ ಬೇಡ ಅಂತಾನೆ. ಇವಳೇ ಅಂದ್ಲು, ನಾನು ಹಿಡೀತೀನಪ್ಪ, ತೊಲೆ ಏರಿದ ಮೇಲೆ ಅವ್ರಿಗೆ ಹೇಳಾಣ ಅಂತ. ತಳ್ಳಬೇಡ ಮಗ, ಎಳಿ ಅಂತ ನೂರು ಸಲ ಹೇಳ್ದೆ..."

ಲಕ್ಷ್ಮಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಗರಗಸದ ಸದ್ದು ಕೇಳಿ ಅಳಿಯ ಓಡಿ ಬಂದ. ನಮ್ಮ ಮರ ಆಗಲೇ ಮಾತಾಡ್ತಿತ್ತು, ಲಟಲಟ ಅಂತ. ನಾನು ಪಕ್ಕಕ್ಕೆ ಹಾರ್ದೆ. ಇವಳ ಕಡೆ ಗರಗಸ ಕಚ್ಕೊಂಡಿತ್ತು. ಹಿಡಿ ಬಿಡದೆ ಎಳೀತಾ ನಿಂತವ್ಳೆ. ಮರ ಬರೋದು ನೋಡ್ಲೇ ಇಲ್ಲ. ಅವ್ನು ಓಡಿ ಬಂದು ಇವಳನ್ನ ತಳ್ದ, ನಂಜುಂಡಪ್ಪ. ಎರಡೂ ಕೈಯಲ್ಲಿ ತಳ್ದ. ಇವ್ಳು ಉರುಳ್ಕೊಂಡು ಹೋದ್ಲು. ಅವ್ನಿಗೆ ಈಚೆ ಬರೋಕಾಗ್ಲಿಲ್ಲ."

ನನಗೆ ಅಳು ಬಂತು. ಖಾಕಿ ಹಾಕಿದವನು ಅಳಬಾರದು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅತ್ತೆ.

ಧರ್ಮನನ್ನು ಕಳ್ಳ ಅಂದಿದ್ದರು. ಅವನು ಸಾಯುವಾಗ ಮಾಡಿದ ಕೊನೆಯ ಕೆಲಸ ಹೆಂಡತಿಯನ್ನು ಉಳಿಸಿದ್ದು. ಅದನ್ನು ಕಣ್ಣಾರೆ ಕಂಡ ಹೆಂಡತಿ ಎಂಟು ದಿನದಿಂದ ಅದನ್ನು ನುಂಗಿಕೊಂಡು ಕೂತಿದ್ದಳು.

"ಹೋಗಿ ರೈಟರ್‌ಗೆ ಹೇಳ್ದೆ. ನೀನು ಮಗಳನ್ನ ಕರ್ಕೊಂಡು ಮನೀಗೆ ಹೋಗು, ನಾನು ನೋಡ್ಕತೀನಿ ಅಂದ. ಸಂಜೆ ಹೊತ್ಗೆ ಊರೆಲ್ಲ ಅಳಿಯನೇ ಕಳ್ಳ. ರೈಟರನ್ನ ಕೇಳೋಕೆ ಹೋದೆ. ಮುದ್ರೆ ಇತ್ತಲ್ಲ ಸ್ವಾಮಿ ಅಂದೆ. ಯಾವ ಮುದ್ರೆ, ತೋರ್ಸು ಅಂದ. ಹೋಗಿ ನೋಡಿದ್ರೆ ಚಕ್ಕೆ ಎದ್ದೋಗಿತ್ತು. ಬಾಯಿ ಬಿಟ್ರೆ ನಿನ್ನ ಮಗಳು ಜೈಲಿಗೆ ಹೋಗ್ತಾಳೆ, ಮಗು ಅನಾಥ ಆಗುತ್ತೆ ಅಂದ. ನಾನೇನು ಮಾಡ್ಲಿ? ಸತ್ತೋನ ಹೆಸ್ರು ಕೊಟ್ಟು ಬದುಕಿರೋ ಮಗಳನ್ನ ಉಳಿಸ್ಕೊಂಡೆ. ಆ ಪಾಪ ನಂದು. ನನ್ನೊಬ್ಬನ ಹೆಸ್ರು ಬರ್ಕೋ. ಇವಳದ್ದು ಬೇಡ."

"ನಿನ್ನೊಬ್ಬನ ಹೆಸರು ಬರೆದರೆ ಧರ್ಮನ ಹೆಸರು ತೊಳೆಯೋದಿಲ್ಲ ಕುಳ್ಳಣ್ಣ." ಹೇಳಲು ನನಗೇ ಕಷ್ಟವಾಯಿತು. "ಮಾವ, ಅಳಿಯ ಇಬ್ಬರೂ ಸೇರಿ ಕುಯ್ದರು ಅಂತಾರೆ. ಹಳೇ ಜೋಡಿ ತಾನೇ? ಆ ಇನ್ನೊಂದು ತುದಿಯಲ್ಲಿ ಅವನಿರಲಿಲ್ಲ ಅಂತ ಹೇಳಬೇಕಾದ್ರೆ, ಯಾರಿದ್ರು ಅಂತಲೂ ಹೇಳಬೇಕು."

ಲಕ್ಷ್ಮಿ ನನ್ನನ್ನು ನೋಡಿದಳು. ಅವಳಿಗೆ ಅದು ಮೊದಲೇ ಗೊತ್ತಿತ್ತು. ಎಂಟು ದಿನದಿಂದಲೂ ಗೊತ್ತಿತ್ತು.

ಜೀಪಿನ ಸದ್ದು ಕೇಳಿಸಿತು.

ಪ್ರದೀಪ್ ಸಾಹೇಬರು ಮುಂದಿನ ಸೀಟಿನಿಂದ ಇಳಿದರು. ಹಿಂದಿನಿಂದ ಬಿಳಿ ಅಂಗಿಯ ಶಾಂತಮಲ್ಲಪ್ಪ ಇಳಿದ. ಪಂಚನಾಮೆಗೆ ಸಾಕ್ಷಿ ಹಾಕಿದವನು, ರಿಪೋರ್ಟಿಗೂ ಅವನ ಸೈನು ಬೇಕಂತೆ. ಅಂಗಳದಲ್ಲೇ ಚಪ್ಪಲಿ ಬಿಟ್ಟು, ಸಾವಿನ ಮನೆಗೆ ತಕ್ಕ ಮುಖ ಮಾಡಿಕೊಂಡು ಬಂದ.

"ತಿಥಿ ಹತ್ರ ಬಂತಲ್ಲಮ್ಮ," ಅಂದ ಲಕ್ಷ್ಮಿಗೆ. "ಅಡುಗೆ ಸೌದೆಗೆ ಯೋಚನೆ ಮಾಡಬೇಡ. ಎಸ್ಟೇಟಿಂದ ಒಂದು ಟ್ರ್ಯಾಕ್ಟರ್ ಕಳಿಸ್ತೀನಿ."

ಕುಳ್ಳಯ್ಯನ ಗಂಟಲಿಂದ ಏನೋ ಸದ್ದು ಬಂತು. ಮಾತಲ್ಲ.

ಸಾಹೇಬರು ಜಗಲಿಯ ಮೇಲೆ ಕಾಗದ ಹರಡಿದರು. ಸುಟ್ಟ ಹಿಡಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡರು. "ಲಕ್ಷ್ಮಮ್ಮ, ಇಲ್ಲಿ ಒಂದು ಹೆಬ್ಬೆಟ್ಟು ಒತ್ತಿಬಿಡಿ. ನಿಮಗೂ ಅಲೆದಾಟ ತಪ್ಪುತ್ತೆ." ಇಂಕಿನ ಡಬ್ಬಿಯ ಮುಚ್ಚಳ ತೆಗೆದರು.

ಲಕ್ಷ್ಮಿ ಕೂತಳು. ಎಡಗೈ ಚಾಚಲಿಲ್ಲ. ಬಲಗೈಯ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಕೊನೆಯ ಸುತ್ತು ಗಾಯಕ್ಕೆ ಅಂಟಿಕೊಂಡಿತ್ತು. ಕಿತ್ತಳು.

"ಪೆನ್ನು ಕೊಡಿ ಅಣ್ಣ," ಅಂದಳು ನನಗೆ. "ನಂಗೆ ಬರೆಯೋಕೆ ಬರ್ತದೆ."

"ಲಕ್ಷ್ಮೀ!" ಕುಳ್ಳಯ್ಯ ಕೂಗಿದ. "ಆಣೆ!"

"ಬಾಯಿ ಬಿಡಲ್ಲ ಅಂತ ಆಣೆ ಹಾಕಿದ್ದು ಅಪ್ಪ. ಬಿಡ್ತಾ ಇಲ್ಲ."

ಪೆನ್ನು ಕೊಟ್ಟೆ. ಅವಳು ರಿಪೋರ್ಟನ್ನು ತಿರುವಿ ಹಾಕಿ, ಹಿಂದಿನ ಖಾಲಿ ಬದಿಯನ್ನು ಮೇಲೆ ಮಾಡಿಕೊಂಡಳು. ಶಾಲೆಯ ಮಕ್ಕಳ ಹಾಗೆ ದುಂಡಗೆ ಬರೆದಳು. ಪೆನ್ನು ಒತ್ತಿದ ಕಡೆಯೆಲ್ಲ ಗಾಯ ಒಡೆದು ಕಾಗದಕ್ಕೆ ರಕ್ತ ಹತ್ತುತ್ತಿತ್ತು. ನಾನು ತಲೆಕೆಳಗಾಗಿ ಓದಿದೆ.

'ನನ್ನ ಗಂಡ ಕಳ್ಳ ಅಲ್ಲ. ಗರಗಸದ ಇನ್ನೊಂದು ತುದಿ ಹಿಡಿದವಳು ನಾನು. ಮರಕ್ಕೆ ಮುದ್ರೆ ಇತ್ತು. ಆ ಮುದ್ರೆ ತೋರಿಸಿ ಕುಯ್ಯಲು ಹೇಳಿದವರು'

ಮುಂದಿನ ಪದ ಬರಲಿಲ್ಲ. ಶಾಂತಮಲ್ಲಪ್ಪ ಬಗ್ಗಿ ಅವಳ ಕೈ ಮೇಲೆ, ಆ ಗಾಯದ ಮೇಲೇ, ತನ್ನ ಅಂಗೈ ಊರಿದ್ದ. ಅವಳು ಕೂಗಲಿಲ್ಲ. ಪೆನ್ನನ್ನೂ ಬಿಡಲಿಲ್ಲ.

"ಕೈ ತೆಗೀರಿ ರೈಟರೇ," ಅಂದೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಸಾಹೇಬರ ಕಡೆ ನೋಡಿದ. ನಾನೂ ನೋಡಿದೆ. ಪ್ರದೀಪ್ ಸಾಹೇಬರು ಅವಳು ಬರೆದದ್ದನ್ನು ಓದಿದರು. ಇನ್ನೊಂದು ಸಲ ಓದಿದರು. ಇಂಕಿನ ಡಬ್ಬಿಯ ಮುಚ್ಚಳ ಹಾಕಿ ಜೇಬಿಗಿಳಿಸಿದರು.

"ಆಚಾರ್ರೇ," ಅಂದರು ಮೆಲ್ಲಗೆ, "ನೀವು ಈ ಮುದುಕನ್ನ ಕರ್ಕೊಂಡು ಒಳಗೆ ಹೋಗಿ. ಬಾಗಿಲು ಹಾಕ್ಕೊಳ್ಳಿ."